ಎರಡರಿಂದ ಗುಣಿಸಲು ಮರೆತದ್ದು

ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ನಾನು ಕೊನೆಯ ಕೆಲವು ವರ್ಷ ಕೆಲಸ ಮಾಡಿದ ಲ್ಯಾಬ್ ಇದೆ. ನಿವೃತ್ತಿಯಾದ ಮೇಲೂ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕೂರುವುದು ನನ್ನ ಚಟ. ಅಲ್ಲಿನ ಹೊಸಬರು ರಿಪೋರ್ಟು ಹೊರಗೆ ಕಳಿಸುವ ಮೊದಲು ಒಬ್ಬರನ್ನೊಬ್ಬರು "ಎರಡು ಹಾಕಿದ್ಯಾ?" ಎಂದು ಕೇಳಿ ನಗುತ್ತಾರೆ. ಯಂತ್ರವೇ ಎಲ್ಲ ಲೆಕ್ಕ ಮಾಡಿಕೊಡುವ ಈ ಕಾಲದಲ್ಲಿ ಅದು ಊಟ ಆಯ್ತಾ ಎಂದು ಕೇಳಿದ ಹಾಗೆ, ಬರೀ ಬಾಯಿಮಾತು. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಸಾರ್, ಏನು ಎರಡು? ಎಲ್ಲಿಗೆ ಹಾಕೋದು? ಯಾರು ಶುರು ಮಾಡಿದ್ದು ಇದನ್ನ?" ಎಂದಳು. ನನಗೆ ಸರ್ರನೆ ಸಿಟ್ಟು ಬಂತು. ಮನೆಗೆ ಬಂದು ಯೋಚಿಸಿದರೆ ತಪ್ಪು ಅವಳದಲ್ಲ, ನನ್ನದು. ಆ ಮಾತನ್ನು ಆ ಲ್ಯಾಬಿಗೆ ತಂದವನು ನಾನೇ. ಅದು ಎಲ್ಲಿಂದ ಬಂತೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ, ನಾಚಿಕೆಗೆ. ಈಗ ನಾಚುವ ವಯಸ್ಸೂ ದಾಟಿತು, ಬರೆದುಬಿಡುತ್ತೇನೆ.

ನನ್ನ ಹೆಸರು ಚೌಡಪ್ಪ. ಬಂಗಾರಪೇಟೆಗೆ ನಾಲ್ಕು ಮೈಲಿ ದೂರದ ಹಳ್ಳಿಯವನು. ಎಪ್ಪತ್ತರ ದಶಕದ ಮೊದಲಲ್ಲಿ ಕೆ.ಜಿ.ಎಫ್‌ನ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಲ್ಯಾಬ್ ಕೆಲಸ ಸಿಕ್ಕಿತು. ಆ ಆಸ್ಪತ್ರೆ ಈಗ ಇಲ್ಲ, ಹೆಸರು ಹೇಳಿ ಏನೂ ಆಗಬೇಕಾಗಿಲ್ಲ. ಬೆಳಿಗ್ಗೆ ಹಸು ಕರೆದು, ಡೇರಿಗೆ ಹಾಲು ಹಾಕಿ, ಓಡೋಡಿ ಮಾರಿಕುಪ್ಪಂ ರೈಲು ಹತ್ತುತ್ತಿದ್ದೆ. ಹಾಲು ಕರೆದ ಕೈಯಲ್ಲೇ ಜನರ ರಕ್ತ ತೆಗೆಯುತ್ತಾನೆ ಎಂದು ರೈಲಿನ ಗೆಳೆಯರು ರೇಗಿಸುತ್ತಿದ್ದರು. ಊರಲ್ಲಿ ನನಗೆ 'ರಕ್ತದ ಚೌಡಪ್ಪ' ಎಂದೇ ಹೆಸರು. ಮದುವೆಮನೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದವನು ಬೇಕೆಂದೇ ತೋಳು ಮುಚ್ಚಿಕೊಳ್ಳುತ್ತಿದ್ದ.

ಲ್ಯಾಬೆಂದರೆ ಒಂದು ಕೋಣೆ, ಒಂದು ಕಿಟಕಿ, ನಾವಿಬ್ಬರು. ನನ್ನ ಮೇಲಿನವರು ಆರೋಗ್ಯಂ ಎನ್ನುವ ತಮಿಳರು, ಗಣಿ ಕಾಲೋನಿಯಲ್ಲೇ ಹುಟ್ಟಿ ಬೆಳೆದವರು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ವಾಕ್ಯದಲ್ಲಿ ಆಡುತ್ತಿದ್ದರು. ಆಗ ಈಗಿನ ಹಾಗೆ ಬಟನ್ ಒತ್ತುವುದಿರಲಿಲ್ಲ. ಗಾಜಿನ ಪಿಪೆಟ್ಟಿಗೆ ಬಾಯಿ ಹಚ್ಚಿ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲುಳಿಯುವ ತಿಳಿಯನ್ನು, ಹೀರಬೇಕು. ಒಂದು ಗೆರೆ ಹೆಚ್ಚಾದರೆ ಬಾಯಿಗೇ ಬಂತು. ಕೊಲೆಸ್ಟ್ರಾಲ್ ನೋಡಬೇಕಾದರೆ ಮೂಗು ಸುಡುವ ಒಂದು ದ್ರಾವಣ, ಅದರ ಮೇಲೆ ಗಂಧಕಾಮ್ಲ. ಸ್ವಲ್ಪ ಹೊತ್ತಿಗೆ ಕೊಳವೆಯೊಳಗೆ ಹಸಿರು ಬಣ್ಣ ಏಳುತ್ತಿತ್ತು. ಹಸಿರು ಗಾಢವಾದಷ್ಟೂ ಕೊಲೆಸ್ಟ್ರಾಲ್ ಹೆಚ್ಚು. ಅದನ್ನು ಮೀಟರಿಗೆ ಇಟ್ಟು, ಮುಳ್ಳು ಎಲ್ಲಿ ನಿಂತಿತೆಂದು ನೋಡಿ, ಕಾಗದದ ಮೇಲೆ ಲೆಕ್ಕ ಹಾಕಬೇಕು. ನನ್ನ ಒಂದು ಅಂಗಿಯೂ ತೂತಿಲ್ಲದೆ ಉಳಿಯಲಿಲ್ಲ. "ಇಲಿ ಮನೇಲಿಲ್ಲ, ನಿಮ್ಮ ಆಸ್ಪತ್ರೇಲೈತೆ" ಎಂದು ನನ್ನ ಹೆಂಡತಿ ಬೈಯುತ್ತಿದ್ದಳು.

ಮುಳ್ಳು ಅಳತೆ ಮೀರಿ ಕೊನೆಗೆ ಹೋಗಿ ಬಡಿದರೆ ಏನು ಮಾಡಬೇಕು? ಸೀರಮ್ಮಿಗೆ ಅಷ್ಟೇ ಉಪ್ಪುನೀರು ಬೆರೆಸಿ ತೆಳ್ಳಗೆ ಮಾಡಿ, ಮತ್ತೆ ಪರೀಕ್ಷೆ ಮಾಡಿ, ಬಂದ ಉತ್ತರವನ್ನು ಎರಡರಿಂದ ಗುಣಿಸಬೇಕು. ಇದು ಆರೋಗ್ಯಂ ಕಲಿಸಿದ ಮೊದಲ ಪಾಠಗಳಲ್ಲೊಂದು. ಇನ್ನೊಂದು ಪಾಠ, "ಕಣ್ಣ ನಂಬಾದೇ ತಂಬಿ, ಮೀಟರ್ ನೋಡು." ನಾನು ಕಣ್ಣನ್ನೂ ನಂಬಿದೆ, ಗುಣಿಸುವುದನ್ನೂ ಮರೆತೆ. ಅದಕ್ಕೆ ಬರುತ್ತೇನೆ.

ಮೊದಲು ಡಾಕ್ಟರ್ ಲೀಲಾ ಅವರ ವಿಷಯ ಹೇಳಬೇಕು. ಗಾಜಿನ ಲೋಟದಷ್ಟು ದಪ್ಪ ಕನ್ನಡಕ, ಸಣ್ಣ ಮೈ, ದೊಡ್ಡ ಗಂಟಲು. ಅವರಿಗೆ ಒಂದು ಹುಚ್ಚಿತ್ತು. ಕೊಲೆಸ್ಟ್ರಾಲ್ ಪರೀಕ್ಷೆಗೆ ಬಂದವರನ್ನೆಲ್ಲ ನಿಲ್ಲಿಸಿ, ಏನು ತಿನ್ನುತ್ತೀರಿ, ಅಪ್ಪ ಯಾವುದರಿಂದ ಹೋದರು, ಅಣ್ಣತಮ್ಮಂದಿರು ಹೇಗಿದ್ದಾರೆ, ಹೆಂಡತಿ ಸಂಬಂಧದಲ್ಲಿ ಏನಾಗಬೇಕಿತ್ತು ಎಂದೆಲ್ಲ ಕೇಳಿ ನನ್ನ ಕೈಲಿ ಬರೆಸುತ್ತಿದ್ದರು. ರಕ್ತ ನೋಡುವವನಿಗೆ ಈ ಊರ ಪುರಾಣ ಯಾಕೆ ಎಂದು ನಾನು ಗೊಣಗುತ್ತಿದ್ದೆ.

ಒಮ್ಮೆ ಅವರ ಜೊತೆ ಪಂಥ ಕಟ್ಟಿದೆ. ಒಂದೇ ದಿನ ಇಬ್ಬರು ಬಂದಿದ್ದರು. ಒಬ್ಬ ಆಂಡರ್ಸನ್‌ಪೇಟೆಯ ಮಟನ್ ಅಂಗಡಿಯವನು, ಹೊಟ್ಟೆ ನನ್ನ ಮೇಜಿಗೆ ತಗುಲುತ್ತಿತ್ತು. ಇನ್ನೊಬ್ಬರು ಒಂದು ಆಫೀಸಿನ ಗುಮಾಸ್ತರು, ಮೊಟ್ಟೆಯನ್ನೂ ಮುಟ್ಟದವರು, ಕಡ್ಡಿಯ ಹಾಗಿದ್ದರು. ಯಾರದು ಹೆಚ್ಚು ಹೇಳಿ ಎಂದರು ಡಾಕ್ಟರು. ಇದನ್ನೂ ಕೇಳಬೇಕಾ ಎಂದು ನಾನು ನಕ್ಕೆ. ಹಸಿರು ಎದ್ದಾಗ ಗುಮಾಸ್ತರ ಕೊಳವೆಯೇ ಗಾಢ, ಮಟನ್ ಅಂಗಡಿಯವನದು ಎಳೆ ಪಾಚಿಯಷ್ಟು. ಪಂಥ ಸೋತು ಎಲ್ಲರಿಗೂ ಬೋಂಡ ತರಿಸಿದೆ. ಡಾಕ್ಟರು ಬೋಂಡ ತಿನ್ನುತ್ತಾ, "ಚೌಡಪ್ಪ, ಈ ಊರಲ್ಲಿ ಎಲ್ಲರೂ ಕುಡಿಯೋದು ಅದೇ ಬೇತಮಂಗಲದ ನೀರು. ಒಂದೇ ಲೈನ್‌ಮನೆ, ಒಂದೇ ಅಂಗಡಿ ಅಕ್ಕಿ. ಆದ್ರೂ ಒಬ್ಬೊಬ್ಬರ ನಂಬರ್ ಒಂದೊಂದು. ತಿನ್ನೋದು ಒಂದು ಪಾಲು, ಅಪ್ಪ ಅಮ್ಮನಿಂದ ಬಂದದ್ದು ಇನ್ನೊಂದು ಪಾಲು. ಅದಕ್ಕೇ ನಿಮ್ಮ ಕೈಲಿ ಪುರಾಣ ಬರೆಸೋದು" ಎಂದರು. ಅವತ್ತಿನಿಂದ ಗೊಣಗುವುದು ಕಡಿಮೆ ಮಾಡಿದೆ.

ಮುನಿಯಪ್ಪ ಬಂದದ್ದು ಇದಾದ ಮೇಲೆ. ಬೇತಮಂಗಲದ ಹತ್ತಿರದ ಹಳ್ಳಿಯವನು, ಗಣಿಯಲ್ಲಿ ಭೂಮಿಯೊಳಗಿನ ಕೆಲಸ, ವಯಸ್ಸು ಮೂವತ್ತನಾಲ್ಕು. ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ ಎಂದು ಬಂದಿದ್ದ. ಗಣಿಯವರಿಗೆ ಹೇಳಿದರೆ ಒಳಗಿನ ಕೆಲಸ ಬಿಡಿಸಿ ಮೇಲೆ ಹಾಕುತ್ತಾರೆಂದು ಕದ್ದು ನಮ್ಮಲ್ಲಿಗೆ ಬಂದಿದ್ದ. ಒಳಗೆ ಇಳಿಯುವವನಿಗೆ ಅದು ಮರ್ಯಾದೆಯ ಪ್ರಶ್ನೆ. ತೋಳು ಕಟ್ಟುವಾಗ ಅವನ ಬೆರಳ ಗೆಣ್ಣುಗಳ ಮೇಲೆ ಹಳದಿ ಗಂಟುಗಳಿದ್ದದ್ದು ಕಂಡಿತು. ಇದೇನಪ್ಪಾ ಎಂದೆ.

"ಬಂಗಾರದ ಗಂಟು ಕಣಣ್ಣ," ಎಂದು ನಕ್ಕ. "ನಮ್ಮ ಮನೆಯೋರಿಗೆಲ್ಲಾ ಐತೆ. ಗಣಿಯಾಗಿರೋ ಬಂಗಾರ ಸರ್ಕಾರದ್ದು, ಮೈಯಾಗಿರೋದು ನಮ್ಮದು."

ನಾನೂ ನಕ್ಕೆ. ಅವನು ತಮಾಷೆ ಮಾಡಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಆ ಮನೆಯಲ್ಲಿ ಅದನ್ನು ನಿಜಕ್ಕೂ ವಂಶದ ಭಾಗ್ಯವೆಂದೇ ತಿಳಿದಿದ್ದರು.

ಅವನ ಸೀರಮ್ಮು ಕನ್ನಡಿಯಂತೆ ತಿಳಿಯಾಗಿತ್ತು. ಕೊಬ್ಬು ತುಂಬಿದ ರಕ್ತದ ತಿಳಿ ಹಾಲಿನಂತೆ ಬೆಳ್ಳಗಿರಬೇಕೆಂದು ನನ್ನ ತಲೆಯಲ್ಲಿತ್ತು. ಹಾಗೆ ಬೆಳ್ಳಗೆ ಮಾಡುವುದು ಬೇರೆ ಜಾತಿಯ ಕೊಬ್ಬು. ಕೊಲೆಸ್ಟ್ರಾಲ್ ಒಂದೇ ಎಷ್ಟು ಏರಿದರೂ ತಿಳಿ ತಿಳಿಯಾಗಿಯೇ ಇರುತ್ತದೆ. ಅದನ್ನು ಕಲಿತದ್ದು ತಡವಾಗಿ. ಮುಳ್ಳು ಹೋಗಿ ಕೊನೆಗೆ ಬಡಿದಾಗ, ಇಷ್ಟು ತಿಳಿಯಾದ ಸೀರಮ್ಮಿಗೆ ಇಷ್ಟು ಹಸಿರೇ, ಆಸಿಡ್ಡೇ ಕೆಟ್ಟಿರಬೇಕು ಎಂದುಕೊಂಡೆ. ಆದರೂ ಕಲಿತ ಅಭ್ಯಾಸ, ಅರ್ಧಕ್ಕರ್ಧ ಉಪ್ಪುನೀರು ಬೆರೆಸಿ ಮತ್ತೆ ಇಟ್ಟೆ. ಇನ್ನೂರನಾಲ್ವತ್ತು ಬಂತು. ನೋಡು, ಮೊದಲನೆಯದು ತಪ್ಪೇ ಆಗಿತ್ತು ಎಂದು ಸಮಾಧಾನಪಟ್ಟು ರಿಪೋರ್ಟಿನಲ್ಲಿ ಇನ್ನೂರನಾಲ್ವತ್ತು ಎಂದೇ ಬರೆದೆ. ರೈಲಿಗೆ ಹೊತ್ತಾಗುತ್ತಿತ್ತು ಎಂದು ನೆಪ ಹೇಳಬಹುದು. ಹೊತ್ತಾಗಿರಲಿಲ್ಲ. ಬರಬೇಕೆಂದುಕೊಂಡ ಉತ್ತರ ಬಂದಿತ್ತು, ಅದಕ್ಕೇ ಗುಣಿಸುವುದು ಮರೆತುಹೋಯಿತು.

ಡಾಕ್ಟರ್ ಲೀಲಾ ಊರಲ್ಲಿರಲಿಲ್ಲ. ಬದಲಿಗೆ ಬಂದಿದ್ದ ವೈದ್ಯರು ರಿಪೋರ್ಟು ನೋಡಿ, ಸ್ವಲ್ಪ ಜಾಸ್ತಿ ಇದೆ, ಎಣ್ಣೆ ಮಟನ್ ಕಡಿಮೆ ಮಾಡಿ ಎಂದರು. ಮುನಿಯಪ್ಪ ನನ್ನ ಕೋಣೆಗೆ ಬಂದು, "ಅಂಗಾದ್ರೆ ಇಳೀಬೋದಲ್ಲಣ್ಣಾ?" ಎಂದ. ಇಳಿಯಪ್ಪಾ, ಏನಾಗಲ್ಲ ಎಂದೆ. ಅದು ಡಾಕ್ಟರು ಹೇಳಬೇಕಾದ ಮಾತು, ನಾನು ಹೇಳಿದೆ. ಎರಡು ತಿಂಗಳಾಗಿರಬೇಕು, ಗಣಿಗೆ ಇಳಿಯುವ ಸರತಿಯಲ್ಲಿ ನಿಂತಿದ್ದಾಗಲೇ ಕುಸಿದು ಸತ್ತ. ಎದೆನೋವಂತೆ ಎಂದು ರೈಲಿನಲ್ಲಿ ಯಾರೋ ಅಂದರು. ಪಾಪ ಎಂದು ಮರುಗಿದೆ. ನನ್ನ ನಂಬರಿಗೂ ಆ ಸಾವಿಗೂ ನಂಟು ಹಾಕಲೇ ಇಲ್ಲ.

ಎರಡು ವರ್ಷದ ಮೇಲೆ ಅವನ ಹೆಂಡತಿ ಲಕ್ಷ್ಮಮ್ಮ ಆರು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಮಗುವಿನ ಹೆಸರು ರತ್ನ. ಗೆಣ್ಣು, ಮೊಣಕೈ, ಮೊಣಕಾಲು, ಹಿಮ್ಮಡಿಯ ನರ, ಎಲ್ಲೆಲ್ಲೂ ಹಳದಿ ಗಂಟು. ಸ್ವಲ್ಪ ಓಡಿದರೆ ನಿಂತು ಎದೆ ಹಿಡಿದುಕೊಳ್ಳುತ್ತಿತ್ತು. ಸೂಜಿಗೆ ಅಳಲಿಲ್ಲ. ಬಣ್ಣ ನೋಡುತ್ತೇನೆ ಎಂದು ಹಟ ಮಾಡಿ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತಿತು.

"ಮಾಮ, ಇದ್ರಾಗೆ ನಂದ್ಯಾವ್ದು?"

ತೋರಿಸಿದೆ.

"ಅಬ್ಬಾ! ನಂದೇ ಎಲ್ಲಾರ್ಗಿಂತ ಜಾಸ್ತಿ ಹಸ್ರು!" ಎಂದು ಚಪ್ಪಾಳೆ ತಟ್ಟಿತು. ಇಸ್ಕೂಲಲ್ಲಿ ಮೊದಲನೆಯ ನಂಬರು ಬಂದಷ್ಟು ಖುಷಿ.

ಅರ್ಧ ಬೆರೆಸಿದರೂ ಮುಳ್ಳು ಕೊನೆಗೆ ಬಡಿಯಿತು. ನಾಲ್ಕರಲ್ಲೊಂದು ಪಾಲಿಗೆ ಇಳಿಸಬೇಕಾಯಿತು. ಎಂಟುನೂರರ ಹತ್ತಿರ ಬಂತು. ಆರೋಗ್ಯಂ ಬಂದು ಇನ್ನೊಮ್ಮೆ ಮಾಡಿದರು, ಅದೇ. ಡಾಕ್ಟರ್ ಲೀಲಾ ನಂಬರನ್ನು ಎರಡೆರಡು ಸಲ ಓದಿದರು. ಆಮೇಲೆ ಇದರ ತಂದೆಯದು ಎಷ್ಟಿತ್ತು ತೆಗೆಯಿರಿ ಎಂದರು. ತೆಗೆದೆ, ಇನ್ನೂರನಾಲ್ವತ್ತು. "ಹಾಗಿರೋಕೆ ಆಗಲ್ಲ," ಎಂದರು. "ಇಷ್ಟು ಏರಬೇಕಾದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕಡೆಯಿಂದ ಕೆಟ್ಟದ್ದು ಬಂದಿರಬೇಕು. ಇನ್ನೂರನಾಲ್ವತ್ತರ ಅಪ್ಪನಿಗೆ ಇದು ಹೊಂದಲ್ಲ. ನಾನೇ ಏನೋ ತಪ್ಪು ತಿಳೀತಿದ್ದೀನಿ."

ಅವತ್ತು ಮುಳ್ಳು ಕೊನೆಗೆ ಬಡಿದದ್ದು ನನಗೆ ನೆನಪಾಯಿತು. ರಿಪೋರ್ಟು ಬರೆಯುವ ಪುಸ್ತಕ ಬೇರೆ, ನಾವು ಕೆಲಸ ಮಾಡುತ್ತಾ ಗೀಚುವ ಕಚ್ಚಾ ಪುಸ್ತಕ ಬೇರೆ. ಹಳೆಯ ಕಚ್ಚಾ ಪುಸ್ತಕ ಹುಡುಕಿದೆ. ಮುನಿಯಪ್ಪನ ಹೆಸರು, ಎದುರಿಗೆ ಇನ್ನೂರನಾಲ್ವತ್ತು, ಅದರ ಪಕ್ಕ ಪೆನ್ಸಿಲಿನಲ್ಲಿ ನನ್ನದೇ ಅಕ್ಷರದಲ್ಲಿ 'ಅರ್ಧ' ಎಂದಿತ್ತು. ಅಂದರೆ ನಾಲ್ಕುನೂರ ಎಂಬತ್ತು.

ಆ ಪುಸ್ತಕವನ್ನು ನನ್ನನ್ನು ಬಿಟ್ಟರೆ ಯಾರೂ ತೆರೆಯುವವರಲ್ಲ. ರಬ್ಬರಿನಿಂದ ಉಜ್ಜಿದರೆ ಎರಡಕ್ಷರ ಹೋಗುತ್ತಿತ್ತು. ಉಜ್ಜಬೇಕೆನ್ನಿಸಿತು, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ಎರಡು ಮಕ್ಕಳು, ಕೆಲಸ ಹೋದರೆ ಏನು ಗತಿ ಎಂದು ಎಣಿಸಿದೆ. ಅಷ್ಟರಲ್ಲಿ ಹೊರಗೆ ಬೆಂಚಿನ ಮೇಲೆ ಲಕ್ಷ್ಮಮ್ಮ ಯಾರಿಗೋ ಹೇಳುತ್ತಿದ್ದದ್ದು ಕೇಳಿತು. "ಮುಂದಿನ ತಿಂಗ್ಳು ನಮ್ಮ ಮಂಜುಳಂಗೆ ವೀಳ್ಯ. ಹುಡ್ಗ ನಮ್ಮ ಚಿಕ್ಕ ಮಾವಾನೇ. ಮನೇ ಹೆಣ್ಣು ಮನೇಲೇ ಇರ್ತಾಳೆ."

ಈ ಸಂಬಂಧವನ್ನು ಬಿಡಿಸಿ ಹೇಳುತ್ತೇನೆ. ಅಕ್ಕಾಯಮ್ಮ ಎಂಬಾಕೆಗೆ ಇಬ್ಬರು ತಮ್ಮಂದಿರು, ಮುನಿಯಪ್ಪ ಮತ್ತು ವೆಂಕಟೇಶ. ಇಬ್ಬರು ಹೆಣ್ಣುಮಕ್ಕಳು, ಲಕ್ಷ್ಮಮ್ಮ ಮತ್ತು ಮಂಜುಳ. ನಮ್ಮ ಕಡೆ ಅಕ್ಕನ ಮಗಳೆಂದರೆ ತಮ್ಮನಿಗೆ ಮೊದಲ ಹಕ್ಕು. ದೊಡ್ಡ ಮಗಳನ್ನು ದೊಡ್ಡ ತಮ್ಮ ಮದುವೆಯಾದ, ಅವರಿಗೆ ಹುಟ್ಟಿದ್ದು ರತ್ನ. ಈಗ ಚಿಕ್ಕ ಮಗಳನ್ನು ಚಿಕ್ಕ ತಮ್ಮನಿಗೆ ಕೊಡಲು ಹೊರಟಿದ್ದರು. ನನ್ನ ಪೆನ್ಸಿಲಿನ ಆ ಎರಡಕ್ಷರ ಅಳಿಸಿದರೆ ಡಾಕ್ಟರಿಗೆ ಲೆಕ್ಕ ಹತ್ತುತ್ತಿರಲಿಲ್ಲ. ಲೆಕ್ಕ ಹತ್ತದಿದ್ದರೆ ಆ ಮದುವೆ ಆಗುತ್ತಿತ್ತು, ಇನ್ನೊಂದು ರತ್ನ ಹುಟ್ಟಬಹುದಿತ್ತು.

ಪುಸ್ತಕವನ್ನು ತೆರೆದು ಹಾಗೇ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ನೋಡಿದರು, ನನ್ನ ಮುಖ ನೋಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕೆಂಪು ಶಾಯಿಯಲ್ಲಿ ಇನ್ನೂರನಾಲ್ವತ್ತರ ಮೇಲೆ ಗೆರೆ ಎಳೆದು ನಾಲ್ಕುನೂರ ಎಂಬತ್ತು ಎಂದು ಬರೆದರು. ಕೆಳಗೆ ತಾವೂ ಸಹಿ ಮಾಡಿ, ನನ್ನ ಕೈಲೂ ಮಾಡಿಸಿದರು.

"ಗೊತ್ತಿದ್ದಿದ್ದರೆ ಉಳೀತಿದ್ದನಾ ಮೇಡಂ?" ಎಂದೆ.

"ಗೊತ್ತಿಲ್ಲ ಚೌಡಪ್ಪ. ಇದಕ್ಕೆ ಸರಿಯಾದ ಮದ್ದು ಇನ್ನೂ ಇಲ್ಲ. ಆದರೆ ಒಳಗೆ ಇಳಿಯೋಕೆ ಬಿಡ್ತಿರಲಿಲ್ಲ. ಮನೆಯವರನ್ನೆಲ್ಲ ಅವತ್ತೇ ಕರೆಸ್ತಿದ್ದೆ." ಸ್ವಲ್ಪ ತಡೆದು, "ಅವನ ಹೆಂಡತಿಗೆ ನಾನು ಹೇಳಲ್ಲ. ನೀವೇ ಹೋಗಿ ಹೇಳಬೇಕು" ಎಂದರು.

ಆ ಮಾತಿಗೆ ನಾನು ಇವತ್ತಿಗೂ ಕೃತಜ್ಞ. ಅವರೇ ಹೇಳಿಬಿಟ್ಟಿದ್ದರೆ ನಾನು ಬದುಕೆಲ್ಲ ಆ ಹೆಂಗಸನ್ನು ಕಂಡಾಗ ಗೋಡೆ ಮರೆಗೆ ಸರಿಯುತ್ತಿದ್ದೆ.

ಭಾನುವಾರ ಬೇತಮಂಗಲದ ಬಸ್ಸು ಹತ್ತಿ, ಇಳಿದು ನಡೆದು ಹೋದೆ. ಲಕ್ಷ್ಮಮ್ಮ ಕಣದಲ್ಲಿ ರಾಗಿ ತೂರುತ್ತಿದ್ದಳು. ಮೊರ ಕೆಳಗಿಟ್ಟು ಬಾರಣ್ಣ ಎಂದಳು. ಕೂರದೆ ನಿಂತೇ ಹೇಳಿದೆ. ನೀರು ಬೆರೆಸಿದ್ದು, ಎರಡರಿಂದ ಗುಣಿಸಬೇಕಾಗಿದ್ದದ್ದು, ಮರೆತದ್ದು, ಇಳಿಯಪ್ಪಾ ಎಂದದ್ದು. ಅವಳು ಮೊರದೊಳಗಿನ ಕಾಳನ್ನೇ ನೋಡುತ್ತಿದ್ದಳು.

"ಎರಡು ಹಾಕ್ಲಿಲ್ವಾ ನೀನು?" ಎಂದಳು.

"ಇಲ್ಲಮ್ಮ."

"ಹಾಕಿದ್ರೆ ಉಳೀತಿದ್ನಾ?"

"ಗೊತ್ತಿಲ್ಲಮ್ಮ. ಡಾಕ್ಟ್ರಿಗೂ ಗೊತ್ತಿಲ್ಲ."

ಮೊರ ಎತ್ತಿಕೊಂಡು ಒಳಕ್ಕೆ ಹೋದಳು. ಬಾಗಿಲು ಹಾಕಿದ್ದು ಕೇಳಿಸಿತು. ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಹೊರಡೋಣವೆಂದು ತಿರುಗಿದಾಗ ಬಾಗಿಲು ತೆರೆಯಿತು. ಕಣ್ಣು ಕೆಂಪಗಿತ್ತು, ಕೈಯಲ್ಲಿ ಮಜ್ಜಿಗೆಯ ಲೋಟ.

"ಕುಡಿ. ನಡ್ಕೊಂಡು ಬಂದಿದೀಯ," ಎಂದಳು. "ನಾನು ನಿನ್ನ ಒಳ್ಳೇನು ಅನ್ನಲ್ಲ ಕಣಣ್ಣ. ನನ್ನ ಗಂಡ ಹೋದ. ಆದ್ರೆ ಕದ್ದು ಮುಚ್ಚಿಕೊಂಡು ಕೂರ್ಲಿಲ್ಲವಲ್ಲ, ಅದು ಸಾಕು. ಈಗೇಳು, ನನ್ನ ಮಗೀಗೇನು ಮಾಡ್ಲಿ? ನನ್ನ ತಂಗೀಗೇನು ಮಾಡ್ಲಿ?"

ಮುಂದಿನ ವಾರವೇ ಡಾಕ್ಟರ್ ಲೀಲಾ ಆ ಮನೆಗೆ ಬಂದರು, ನಾನು ಸೂಜಿ ಕೊಳವೆ ಹೊತ್ತು ಹಿಂದೆ ಹೋದೆ. ಅಕ್ಕಾಯಮ್ಮ ರಕ್ತ ಕೊಡಲು ಮೊದಲು ಒಪ್ಪಲಿಲ್ಲ. ಹಿಮ್ಮಡಿಯ ಮೇಲೆ ಹಗ್ಗದಷ್ಟು ದಪ್ಪ ಗಂಟು ಇಟ್ಟುಕೊಂಡು, "ನಮ್ಮಪ್ಪಂಗಿತ್ತು, ನಂಗೈತೆ, ಇದು ಲಚ್ಮಿ ಕೊಟ್ಟಿರೋದು. ಇದ್ಕೆ ಸೂಜಿ ಯಾತ್ಕೆ?" ಎಂದು ಜಗಳಕ್ಕೆ ನಿಂತಳು. ಲಕ್ಷ್ಮಮ್ಮ ಗದರಿದ ಮೇಲೆ ತೋಳು ಚಾಚಿದಳು. ಅಕ್ಕಾಯಮ್ಮ, ವೆಂಕಟೇಶ, ಲಕ್ಷ್ಮಮ್ಮ, ಮಂಜುಳ, ನಾಲ್ವರ ಸೀರಮ್ಮನ್ನೂ ಮೂರು ಮೂರು ಸಲ ಮಾಡಿದೆ. ಪ್ರತಿ ಸಲವೂ ಬೆವರಿದೆ. ನಾಲ್ವರದೂ ಹೆಚ್ಚು, ಎಲ್ಲರದೂ ನಾಲ್ಕುನೂರರ ಆಸುಪಾಸು. ಮಂಜುಳಳದಾದರೂ ಕಡಿಮೆ ಬರಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ, ಬರಲಿಲ್ಲ.

ವೀಳ್ಯದ ದಿನ ಹತ್ತಿರವಾಗಿತ್ತು. ಡಾಕ್ಟರು ಹಜಾರದಲ್ಲಿ ಚಾಪೆಯ ಮೇಲೆ ಕೂತು ವಿವರಿಸಿದರು. ಗಣಿಯ ಊರಿನವರಿಗೆ ಗಣಿಯ ಮಾತಲ್ಲೇ ಹೇಳಿದರು. "ಶಾಫ್ಟಿನಲ್ಲಿ ಅದಿರನ್ನ ಮೇಲೆ ಎಳೆಯೋದಕ್ಕೆ ಎರಡು ಕೇಜು ಇದೆ ಅಂದ್ಕೊಳ್ಳಿ. ನಮ್ಮ ಮೈಯಲ್ಲೂ ಕೊಲೆಸ್ಟ್ರಾಲನ್ನ ರಕ್ತದಿಂದ ಎತ್ತಿ ಹಾಕೋಕೆ ಅಪ್ಪ ಕೊಟ್ಟದ್ದು ಒಂದು ಕೇಜು, ಅಮ್ಮ ಕೊಟ್ಟದ್ದು ಒಂದು. ನಿಮಗೆಲ್ಲ ಒಂದು ಕೆಟ್ಟಿದೆ, ಒಂದು ಚೆನ್ನಾಗಿದೆ. ಒಂದರಲ್ಲಿ ಎಳೆಯೋದು ಸಾಲದೆ ಸರಕು ಕೆಳಗೆ ಉಳಿಯುತ್ತೆ, ಅದೇ ಗಂಟು. ರತ್ನಂಗೆ ಎರಡೂ ಕೆಟ್ಟಿದೆ. ಒಂದೇ ಕೆಟ್ಟಿರೋ ಇಬ್ಬರು ಮದುವೆಯಾದರೆ ಹುಟ್ಟೋ ಪ್ರತಿ ಮಗೂಗೂ ನಾಲ್ಕರಲ್ಲೊಂದು ಪಾಲು ಹಾಗಾಗೋ ಅಪಾಯ. ಹೊರಗಿನವರನ್ನ ಮಾಡಿಕೊಂಡರೆ ಎರಡೂ ಕೆಡೋದು ತೀರಾ ಅಪರೂಪ."

"ಎಲ್ಲಾರ್ಗೂ ಅಂಗೇನಾ? ನಮ್ಮ ಮನೆಗೊಂದೇನಾ?" ಎಂದ ವೆಂಕಟೇಶ.

"ಈ ಥರ ಪೂರ್ತಿ ಕೆಟ್ಟಿರೋದು ಕೆಲವೇ ಮನೆಗಳಲ್ಲಿ. ಉಳಿದವರಲ್ಲೂ ಒಬ್ಬೊಬ್ಬರ ಕೇಜು ಒಂದೊಂದು ಥರ, ಸ್ವಲ್ಪ ನಿಧಾನ, ಸ್ವಲ್ಪ ಜೋರು. ಅದಕ್ಕೇ ಊರಲ್ಲಿ ಎಲ್ಲರ ನಂಬರೂ ಒಂದೇ ಇರಲ್ಲ."

ಅಕ್ಕಾಯಮ್ಮ ಕೂತಲ್ಲೇ ದನಿ ಏರಿಸಿದಳು. "ನಮ್ಮಪ್ಪನ ಕಾಲದಿಂದ ಕೊಟ್ಟು ತಂದಿರೋದು. ಇವ್ಳು ಯಾರು ಬ್ಯಾಡ ಅನ್ನೋಕೆ? ತಮ್ಮಂಗೆ ಮಾತು ಕೊಟ್ಟಿದೀನಿ. ಗಂಟಿರೋ ಹುಡ್ಗೀನ ಹೊರಗಡೆಯೋರು ಯಾರು ತಗೊತಾರೆ?"

ಆಗ ಲಕ್ಷ್ಮಮ್ಮ ರತ್ನಳನ್ನು ಕರೆದು ತನ್ನ ತಾಯಿಯ ತೊಡೆಯ ಮೇಲೆ ಕೂರಿಸಿದಳು. ಮಗುವಿನ ಮೊಣಕೈ ಎತ್ತಿ ತಾಯಿಯ ಅಂಗೈಯಲ್ಲಿಟ್ಟಳು.

"ಇದನ್ನ ಬಂಗಾರ ಅಂತ ಸಾಕಿದ್ದು ನೀನವ್ವ. ನಾನೂ ನಂಬಿದ್ದೆ," ಎಂದಳು. "ಇವ್ಳು ಕುಂಟೆಬಿಲ್ಲೆ ಆಡೋಕಾಗ್ದೆ ಅಳ್ತಾಳೆ. ಇಂಥಾದ್ದನ್ನ ಇನ್ನೊಂದು ಹೆರು ಅಂತ ನನ್ನ ತಂಗೀಗೆ ಹೇಳ್ತೀಯಾ? ನನ್ನ ಕಣ್ಮುಂದೆ ಹೇಳು ನೋಡೋಣ."

ಅಕ್ಕಾಯಮ್ಮ ಮೊಮ್ಮಗಳ ಮೊಣಕೈಯ ಗಂಟನ್ನು ಹೆಬ್ಬೆರಳಲ್ಲಿ ಸವರುತ್ತಾ ಕೂತಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮೊದಲು ಎದ್ದವನು ವೆಂಕಟೇಶ. "ಅಕ್ಕ, ನೀನು ಮಾತು ಕೊಟ್ಟಿದ್ದು ನಂಗೆ ತಾನೆ? ನಾನೇ ಬಿಟ್ಕೊಡ್ತಾ ಇದೀನಿ. ಮಂಜುಳಂಗೆ ಹೊರಗಡೆ ಗಂಡು ನಾನೇ ನೋಡ್ತೀನಿ," ಎಂದ. ಮಂಜುಳ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಅವಳಿಗೆ ಚಿಕ್ಕಂದಿನಿಂದ ಅವನೇ ಗಂಡನೆಂದು ಹೇಳಿ ಬೆಳೆಸಿದ್ದರು. ನಾವು ಆ ಮನೆಗೆ ಒಳ್ಳೆಯದನ್ನೇ ಮಾಡಲು ಹೋಗಿದ್ದೆವು, ಆದರೂ ಆ ಅಳು ಬಹಳ ದಿನ ನನ್ನ ಕಿವಿಯಲ್ಲಿತ್ತು.

ವೆಂಕಟೇಶ ಮಾತು ಉಳಿಸಿಕೊಂಡ. ಬಂಗಾರಪೇಟೆಯ ಕಡೆಯ ಒಬ್ಬ ಒಳ್ಳೆಯ ಹುಡುಗನನ್ನು ಹುಡುಕಿ, ಇರುವುದನ್ನು ಇರುವ ಹಾಗೆ ಹೇಳಿ, ಮಂಜುಳಳ ಮದುವೆ ಮಾಡಿಸಿದ. ತಾನೂ ಗಣಿಯೊಳಗಿನ ಕೆಲಸ ಬಿಟ್ಟು ಮೇಲಿನ ಕೆಲಸಕ್ಕೆ ಬಂದು, ಹೊರಗಿನ ಹೆಣ್ಣು ತಂದ.

ರತ್ನ ಹನ್ನೆರಡು ತುಂಬುವವರೆಗೆ ಇತ್ತು. ತುಪ್ಪ, ಬೆಣ್ಣೆ, ಮಾಂಸ ಎಲ್ಲ ಬಿಡಿಸಿದರು. ಡಾಕ್ಟರು ಎಲ್ಲೆಲ್ಲಿಂದಲೋ ತರಿಸಿದ ಮರಳಿನಂಥ ಪುಡಿಯನ್ನು ನೀರಿಗೆ ಕದಡಿ ಕುಡಿಸಿದರು. ಎರಡೂ ಕೆಟ್ಟವರಿಗೆ ಅದರಿಂದ ಆಗುವುದು ಅಷ್ಟರಲ್ಲೇ ಇತ್ತು. ಬಂದಾಗಲೆಲ್ಲ ಅದು ನನ್ನ ಸ್ಟೂಲಿನ ಮೇಲೆ ಕೂತು ಹಸಿರು ನೋಡುತ್ತಿತ್ತು. "ಮಾಮ, ಇವತ್ತು ಸ್ವಲ್ಪ ಕಮ್ಮಿ ಹಸ್ರು ಅಲ್ವಾ?" ಎನ್ನುತ್ತಿತ್ತು. ಹೌದು ಕಂದಾ ಎನ್ನುತ್ತಿದ್ದೆ. ಲ್ಯಾಬಿನಲ್ಲಿ ನಾನು ಬೇಕೆಂದು ಹೇಳಿದ ಸುಳ್ಳು ಅದೊಂದೇ. ಅದು ಹೋದ ಸುದ್ದಿ ಬಂದ ದಿನ ಆರೋಗ್ಯಂ ಲ್ಯಾಬಿಗೆ ಬೀಗ ಹಾಕಿಬಿಟ್ಟರು. ಇಬ್ಬರೂ ಬಸ್ಸು ಹತ್ತಿ ಹೋಗಿ ಬಂದೆವು.

ಲಕ್ಷ್ಮಮ್ಮ ಮಾತ್ರ ಬರುವುದನ್ನು ಬಿಡಲಿಲ್ಲ. ಮನೆಯವರನ್ನೆಲ್ಲ ವರ್ಷಕ್ಕೊಮ್ಮೆ ಎಳೆದು ತಂದು ರಕ್ತ ಕೊಡಿಸುವುದು ಅವಳ ಕೆಲಸವಾಯಿತು. ನಾನು ರಿಪೋರ್ಟು ಕೊಡಲು ಕೈ ಚಾಚಿದರೆ ತೆಗೆದುಕೊಳ್ಳುವ ಮೊದಲು ಕೇಳುತ್ತಿದ್ದಳು, "ಎರಡು ಹಾಕಿದ್ಯಾ ಅಣ್ಣ?" ಮೊದಮೊದಲು ಎದೆಗೆ ಚುಚ್ಚುತ್ತಿತ್ತು. ಬರಬರುತ್ತಾ ಅದರಲ್ಲಿ ಸಲಿಗೆ ಬಂತು, ಕೊನೆಗೆ ತಮಾಷೆಯೂ ಬಂತು. ಆರೋಗ್ಯಂ ಕೂಡ ನನ್ನ ಲೆಕ್ಕ ನೋಡುವಾಗ ಅವಳ ಧಾಟಿಯಲ್ಲೇ ಕೇಳತೊಡಗಿದರು. ಅವರು ನಿವೃತ್ತರಾದ ಮೇಲೆ ಬಂದವರನ್ನು ನಾನು ಕೇಳಿದೆ, ಅವರು ತಮ್ಮ ನಂತರದವರನ್ನು ಕೇಳಿದರು. ಕೇಳಿದ್ದರಿಂದ ಎಷ್ಟು ತಪ್ಪು ತಪ್ಪಿತೋ ಲೆಕ್ಕ ಇಟ್ಟಿಲ್ಲ. ನನ್ನದೇ ನಾಲ್ಕಾರು ಸಲ ಸಿಕ್ಕಿಬಿದ್ದಿದೆ.

ತೊಂಬತ್ತರ ದಶಕದಲ್ಲಿ ಆ ಆಸ್ಪತ್ರೆ ಮುಚ್ಚಿತು, ನಾನು ಬಂಗಾರಪೇಟೆಯ ಲ್ಯಾಬಿಗೆ ಬಂದೆ. ಗಂಧಕಾಮ್ಲ ಹೋಗಿ ಪೆಟ್ಟಿಗೆಯಲ್ಲಿ ಬರುವ ಔಷಧ ಬಂತು. ಹಸಿರಿನ ಬದಲು ಗುಲಾಬಿ ಬಣ್ಣ. ಪಿಪೆಟ್ಟಿಗೆ ಬಾಯಿ ಹಚ್ಚುವುದು ನಿಂತಿತು, ಹೆಂಡತಿ ಬೈಯುವುದೂ ನಿಂತಿತು. ಕೊಲೆಸ್ಟ್ರಾಲ್ ಇಳಿಸುವ ಹೊಸ ಮಾತ್ರೆಯೂ ಅದೇ ಸುಮಾರಿಗೆ ಬಂತು. ಒಂದೇ ಕೇಜು ಕೆಟ್ಟವರಿಗೆ ಅದು ನಿಜವಾಗಿ ಕೆಲಸ ಮಾಡಿತು. ವೆಂಕಟೇಶನ ನಂಬರು ಇಳಿದ ದಿನ ನಾನು ಡಾಕ್ಟರ್ ಲೀಲಾ ಅವರಿಗೆ ಕಾಗದ ಬರೆದೆ. ಅವರು ಅಷ್ಟರಲ್ಲಿ ಕೆಲಸ ಬಿಟ್ಟು ತಮ್ಮ ಊರಿಗೆ ಹೋಗಿದ್ದರು. ಉತ್ತರದಲ್ಲಿ ಒಂದೇ ಸಾಲು: "ಎರಡು ಹಾಕಿದ ಮೇಲೆ ತಾನೆ ಈ ನಂಬರು?"

ಒಂದು ಬೆಳಿಗ್ಗೆ ಮಂಜುಳ ತನ್ನ ಮಗಳನ್ನು ಕರೆದುಕೊಂಡು ಬಂದಳು. ಆ ಮಗುವಿಗೂ ಆರು ವರ್ಷ, ಹೆಸರು ಸುಮ. ಜೊತೆಗೆ ಲಕ್ಷ್ಮಮ್ಮ, ತಲೆ ಅರ್ಧ ನೆರೆತಿತ್ತು. ಮಂಜುಳಳ ಕೆಟ್ಟ ಕೇಜು ಈ ಮಗುವಿಗೆ ಬಂದಿರಲು ಅರ್ಧಕ್ಕರ್ಧ ಸಾಧ್ಯತೆ. ಮಗುವಿನ ಗೆಣ್ಣು ನೋಡಿದೆ, ನುಣ್ಣಗಿತ್ತು. ಆ ವಯಸ್ಸಿಗೆ ಅದರಿಂದ ಏನೂ ಹೇಳಲಾಗುವುದಿಲ್ಲ, ಕಣ್ಣನ್ನು ನಂಬುವುದನ್ನು ನಾನು ಎಂದೋ ಬಿಟ್ಟಿದ್ದೆ. ರಕ್ತ ತೆಗೆದು, ಔಷಧ ಹಾಕಿ ಕಾದೆ. ಲಕ್ಷ್ಮಮ್ಮ ಕೊಳವೆಯನ್ನೇ ನೋಡುತ್ತಿದ್ದಳು.

"ಈಗ ಹಸ್ರು ಬರಲ್ವಾ ಅಣ್ಣ?"

"ಇಲ್ಲಮ್ಮ. ಈಗೆಲ್ಲ ಗುಲಾಬಿ."

"ನಮ್ಮ ರತ್ನ ಇದ್ದಿದ್ರೆ ಇದನ್ನೂ ನೋಡ್ತೀನಿ ಅಂತಿದ್ಳು," ಎಂದಳು.

ಗುಲಾಬಿ ಎದ್ದಿತು, ತೀರಾ ತೆಳ್ಳಗೆ. ಮೀಟರಿಗೆ ಇಟ್ಟೆ. ನೂರೈವತ್ತೆಂಟು. ಇನ್ನೊಮ್ಮೆ ಮಾಡಿದೆ. ಮತ್ತೊಮ್ಮೆ ಮಾಡಿದೆ. ಮೂರು ಸಲವೂ ಅಲ್ಲಲ್ಲೇ ನಿಂತಿತು. ನಂಬರು ಹೇಳಿದೆ. ಮಂಜುಳ ಮಗುವನ್ನು ಬಾಚಿ ಎದೆಗೊತ್ತಿಕೊಂಡಳು. ಲಕ್ಷ್ಮಮ್ಮ ಮಾತ್ರ ಅಲುಗಲಿಲ್ಲ. ಮುಖ ಬಿಗಿ ಹಿಡಿದು, ಮೊದಲ ಸಲ ಕಣದಲ್ಲಿ ಕೇಳಿದ್ದಳಲ್ಲ, ಅದೇ ದನಿಯಲ್ಲಿ ಕೇಳಿದಳು.

"ಎರಡು ಹಾಕಿದ್ಯಾ?"

"ಹಾಕೋ ಹಂಗೇ ಇರ್ಲಿಲ್ಲಮ್ಮ," ಎಂದೆ. "ಇದಕ್ಕೆ ನೀರೇ ಬೆರೆಸಿಲ್ಲ."

ಅವಳು ಬೆಂಚಿನ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಹೊರಗೆ ಕಾಯುತ್ತಿದ್ದವರು ಕೆಟ್ಟ ಸುದ್ದಿ ಬಂತೆಂದು ಇಣುಕಿ ನೋಡಿದರು. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, ಕೈ ಚಾಚಿದಳು.

"ಅಂಗಾದ್ರೆ ಬರ್ಕೊಡಣ್ಣ," ಎಂದಳು. 

ಬರೆದುಕೊಟ್ಟೆ. ಅವಳು ಓದಲು ಬಾರದಿದ್ದರೂ ಅದನ್ನು ಎರಡು ಸಲ ನೋಡಿ, ಮಡಿಸಿ, ಸುಮಳ ಕೈಯಲ್ಲಿಟ್ಟಳು.